ಗುಡ್ಡಕ್ಕೂ ಕಡಲಿಗೂ ನಡುವೆ ಬೈತಖೋಲ

ಶುಕ್ರವಾರ

ಕಾರವಾರಕ್ಕೆ ಬಂದವರು ಏನೇನು ನೋಡುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಗೋರ್ ಕಡಲತೀರ, ಅಲ್ಲೇ ದಡದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆ, ಸಂಜೆಗೊಂದು ಬಂಗಡೆ ಫ್ರೈ, ಮರುದಿನ ಗೋವಾ. ಅದೇ ಬೀಚಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಗುಡ್ಡದ ಬುಡದಲ್ಲಿ ಕ್ರೇನು, ಹಡಗು, ಸಾಲು ಬೋಟುಗಳ ಬಣ್ಣದ ಬಾವುಟ ಕಾಣುತ್ತವೆ. ಅದು ಫೋಟೋದಲ್ಲಿ ಬರಬಾರದು ಅಂತ ಮೊಬೈಲ್ ಆಚೆ ತಿರುಗಿಸುವವರೂ ಇದ್ದಾರೆ. ಆ ಜಾಗವೇ ಬೈತಖೋಲ. ಈ ಸಲ ಶಿರಸಿಯಿಂದ ಬಸ್ ಹತ್ತಿದ್ದು ಅದಕ್ಕಾಗಿಯೇ.

ಮಳೆಗಾಲ ಮುಗಿದು ನವೆಂಬರ್ ಬಂದಿತ್ತು. ದೇವಿಮನೆ ಘಟ್ಟದ ರಸ್ತೆ ಬಗ್ಗೆ ಬರೆಯಲು ಕೂತರೆ ಕಾರವಾರ ಮುಟ್ಟುವುದೇ ಇಲ್ಲ, ಬಿಡಿ. ಕುಮಟಾ ದಾಟಿ ಅಂಕೋಲಾ ಕಡೆ ಹೊರಟಾಗ ಶಿರೂರು ಬಂತು. 2024ರ ಜುಲೈ 16ರಂದು ಗುಡ್ಡ ಜಾರಿ ಹೆದ್ದಾರಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿದ ಜಾಗ. ಬಸ್ಸಿನಲ್ಲಿ ಹರಟುತ್ತಿದ್ದವರು ಅಲ್ಲಿ ಒಂದು ಕ್ಷಣ ಎಡಬಲ ನೋಡಿದರು. ಆಮೇಲೆ ಮತ್ತೆ ಹರಟೆ.

ಅಂಕೋಲಾ ದಾಟಿದ ಮೇಲೆ ಎಡಗಡೆ ಗೋಡೆ ಶುರುವಾಗುತ್ತದೆ. ಸೀಬರ್ಡ್ ನೌಕಾನೆಲೆಯ ಕಾಂಪೌಂಡು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಇದಕ್ಕೆ ಅಡಿಗಲ್ಲು ಹಾಕಿದರು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಅಂತ ಹೆಸರಿಟ್ಟು ಕೆಲಸ ಶುರುಮಾಡಿದರು. ನಡುವಿನ ಆ ವರ್ಷಗಳಲ್ಲಿ ಕಾರವಾರ ಮತ್ತು ಅಂಕೋಲಾ ತಾಲೂಕಿನ 13 ಹಳ್ಳಿಗಳ ನೆಲ ಹೋಯಿತು. ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಎದ್ದು ತೋಡೂರು, ಮುದಗಾ, ಹಾರವಾಡ, ಬೇಲೆಕೇರಿ ಕಡೆಯ ಪುನರ್ವಸತಿ ಕಾಲೊನಿಗಳಿಗೆ ಬಂದವು. ಬಸ್ಸಿನ ಕಿಟಕಿಯಿಂದ ಅವು ಸಾಮಾನ್ಯ ಕೇರಿಗಳ ಹಾಗೇ ಕಾಣುತ್ತವೆ. ಒಂದೇ ವ್ಯತ್ಯಾಸ: ಬೀದಿಗಳು ನೆಟ್ಟಗಿವೆ. ನಮ್ಮ ಕರಾವಳಿಯಲ್ಲಿ ತಾನಾಗಿ ಬೆಳೆದ ಯಾವ ಊರಿನ ಬೀದಿಯೂ ಅಷ್ಟು ನೆಟ್ಟಗಿರುವುದಿಲ್ಲ.

ಬಿಣಗಾ ಬಂತು. ಕಾರ್ಖಾನೆಯ ಚಿಮಣಿ, ಬಾಗಿಲಲ್ಲಿ ಲಾರಿಗಳ ಸಾಲು. ಅಲ್ಲಿಂದ ಮುಂದೆ ಗುಡ್ಡ. ಹಿಂದೆಲ್ಲ ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತು. ತಿರುವಿನಲ್ಲಿ ಪಕ್ಕನೆ ಕಡಲು ಕಾಣುತ್ತಿತ್ತು. ಈಗ ಚತುಷ್ಪಥಕ್ಕಾಗಿ ಸುರಂಗ ಕೊರೆದಿದ್ದಾರೆ. ಒಳಹೊಕ್ಕು ಹೊರಬರುವಷ್ಟರಲ್ಲಿ ಬೈತಖೋಲ ಮುಗಿದೇ ಹೋಗುತ್ತದೆ. ಮುಂದೆ ಫ್ಲೈಓವರ್. ನೇರ ಲಂಡನ್ ಬ್ರಿಜ್ ಕಡೆಗೆ. ಹೌದು, ಕಾರವಾರದಲ್ಲೂ ಒಂದು ಲಂಡನ್ ಬ್ರಿಜ್ ಇದೆ.

ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ ಕಾಯುತ್ತಿದ್ದ. ಹೈಸ್ಕೂಲು ಮಾಸ್ತರ, ಮನೆ ಕೋಡಿಬಾಗದಲ್ಲಿ. ಅವನ ಸೋದರಮಾವ ಬೈತಖೋಲದವರು. ಬಹಳ ವರ್ಷ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಈಗ ದಡದಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುವವರು. ಸಂಜೆಯೇ ಅವರ ಮನೆಗೆ ಹೋದೆವು.

ಬೈತಖೋಲದ ನಕ್ಷೆ ತುಂಬ ಸರಳ. ಒಂದು ಕಡೆ ನೀರು, ಇನ್ನೊಂದು ಕಡೆ ಗುಡ್ಡ. ನಡುವಿನ ಚಿಕ್ಕ ಪಟ್ಟಿಯಲ್ಲಿ ಬಂದರು, ಮೀನುಗಾರಿಕೆ ಜಟ್ಟಿ, ಹೆದ್ದಾರಿ, ಐಸ್ ಫ್ಯಾಕ್ಟರಿ, ಡೀಸೆಲ್ ಪಂಪು, ಅಂಗಡಿ. ಇಷ್ಟಕ್ಕೆ ಜಾಗ ಮುಗಿಯಿತು. ಹಾಗಾಗಿ ಮನೆಗಳು ಗುಡ್ಡ ಹತ್ತಿವೆ. ಚಿರೆಕಲ್ಲಿನ ಮೆಟ್ಟಿಲು, ಅದರ ಇಬ್ಬದಿಗೆ ಒಂದರ ಮೇಲೊಂದು ಮನೆ. ಕೆಳಗಿನವರ ಹೆಂಚಿನ ಮಾಡು ಮೇಲಿನವರ ಅಂಗಳದ ಮಟ್ಟಕ್ಕೆ ಬರುತ್ತದೆ. ಮೆಟ್ಟಿಲ ಪಕ್ಕದಲ್ಲೇ ಬಲೆಯ ರಾಶಿ, ನೀರಿನ ಡ್ರಮ್ಮು, ತುಳಸಿಕಟ್ಟೆ, ಬೈಕು. ಆ ಬೈಕು ಅಲ್ಲಿಯವರೆಗೆ ಹೇಗೆ ಬಂತು ಅನ್ನುವುದು ಬೈತಖೋಲದ ಹುಡುಗರಿಗೆ ಮಾತ್ರ ಗೊತ್ತು. ಮನೆಯೊಳಗಿನ ಮಾತೆಲ್ಲ ಕೊಂಕಣಿ. ನನ್ನನ್ನು ಕಂಡ ಕೂಡಲೇ ಕನ್ನಡ.

ಮಾಮ ಮುಂಬಾಗಿಲಲ್ಲೇ ಕೂತಿದ್ದರು. ನಾನು ಊರಿನ ಹಳೆ ಕಥೆ ಕೇಳಲು ಬಂದವನು ಅಂತ ಗೆಳೆಯ ಹೇಳಿದ.

“ನಮ್ಮೂರಿನ ಮೇಲೆ ಸರ್ಕಾರದ್ದು ಭಾರೀ ಪ್ರೀತಿ ತಮಾ,” ಅಂದರು. “ಬ್ರಿಟಿಷರ ಕಾಲದಿಂದ ನೋಡು. ಏನೇ ಹೊಸದು ತಂದ್ರೂ ಇಲ್ಲೇ ತಂದು ಇಳಿಸ್ತಾರೆ. ಇಳಿಸೋಕೆ ಜಾಗ ಉಂಟಾ ಅಂತ ಮಾತ್ರ ಕೇಳೂದಿಲ್ಲ.”

ಮೂಲ ಕಾರಣ ಈ ಗುಡ್ಡವೇ. ಕಡಲಿಗೆ ಚಾಚಿಕೊಂಡ ಗುಡ್ಡದ ಮೂಗು ನೈಋತ್ಯದ ಗಾಳಿ ಅಲೆಗಳನ್ನು ತಡೆಯುತ್ತದೆ. ಹೊರಗಡೆ ದ್ವೀಪಗಳ ಕಾವಲು ಬೇರೆ. ಆದ್ದರಿಂದ ಮಳೆಗಾಲದಲ್ಲೂ ಹಡಗು ನಿಲ್ಲಬಹುದಾದ ಬಂದರು ಇದು. ಪಶ್ಚಿಮ ಕರಾವಳಿಯಲ್ಲಿ ಇಂಥ ಜಾಗ ಕಡಿಮೆ. ಹಾಗಾಗಿ ಎಲ್ಲರಿಗೂ ಇದು ಬೇಕು. ಮೀನುಗಾರರಿಗೆ ಬೇಕು, ವ್ಯಾಪಾರಿಗಳಿಗೆ ಬೇಕು, ನೌಕಾಪಡೆಗೆ ಬೇಕು, ಹೆದ್ದಾರಿ ಮಾಡುವವರಿಗೂ ಬೇಕು. ಗುಡ್ಡ ಒಂದೇ, ನೀರು ಒಂದೇ. ನಡುವಿನ ಪಟ್ಟಿಯೂ ಒಂದೇ.

ರಾತ್ರಿ ಊಟಕ್ಕೆ ಮಾಮಿ ನನಗಾಗಿ ಬೇರೆ ಸಾರು ಮಾಡಿದ್ದರು. ಬೈತಖೋಲಕ್ಕೆ ಬಂದು ಮೀನು ತಿನ್ನದವನನ್ನು ಮನೆಯ ಮಕ್ಕಳು ಬಾಗಿಲ ಸಂದಿಯಿಂದ ನೋಡಿ ಹೋದರು.

ಶನಿವಾರ

ಬೆಳಗ್ಗೆ ಐದಕ್ಕೆ ಜಟ್ಟಿಯಲ್ಲಿದ್ದೆವು. ಇನ್ನೂ ಕತ್ತಲೆ, ಆದರೆ ಜನಕ್ಕೆ ಏನೂ ಕಡಿಮೆಯಿಲ್ಲ. ಬೋಟು ಬರುವ ಮೊದಲೇ ದಡದ ಕೆಲಸ ಶುರುವಾಗಿರುತ್ತದೆ. ಐಸ್ ಪುಡಿ ಮಾಡುವ ಯಂತ್ರದ ಸದ್ದು, ಕ್ರೇಟು ಎಳೆಯುವ ಸದ್ದು, ಕೊಂಕಣಿಯಲ್ಲಿ ಬೈಗುಳ, ಹಿಂದಿಯಲ್ಲಿ ಹಾಡು.

ಒಂದು ಪರ್ಸೀನ್ ಬೋಟು, ಅಂದರೆ ಮೀನಿನ ಹಿಂಡಿನ ಸುತ್ತ ಬಲೆ ಬಿಡುವ ಬೋಟು, ಜಟ್ಟಿಗೆ ತಾಗಿತು. ದೊಡ್ಡ ಬೋಟಾದರೆ ಇಪ್ಪತ್ತೈದು ಮೂವತ್ತು ಜನ ಇರುತ್ತಾರೆ. ಬಂಗಡೆ ಬುಟ್ಟಿ ಕೈಯಿಂದ ಕೈಗೆ ಮೇಲೆ ಬರುತ್ತದೆ. ತೂಕ, ಹರಾಜು, ಐಸು, ಲಾರಿ. ಈ ಕಡೆಯ ಲಾರಿಗಳು ಗೋವಾಕ್ಕೆ, ಕೇರಳಕ್ಕೆ ಹೋಗುತ್ತವೆ. ಸಣ್ಣ ಮೀನು, ಜಜ್ಜಿದ ಮೀನು ಎಣ್ಣೆ ಮತ್ತು ಫಿಶ್‌ಮೀಲ್ ಗಿರಣಿಗಳಿಗೆ. ಹೆಂಗಸರು ಬದಿಯಲ್ಲಿ ಟಬ್ ಇಟ್ಟುಕೊಂಡು ತಮ್ಮ ಪಾಲಿನ ಚೌಕಾಸಿ ನಡೆಸಿದ್ದರು. ಅವರು ಇಲ್ಲಿಂದ ಹೊತ್ತು ಊರೂರು ತಿರುಗಿ ಮಾರುವವರು. ನಾನು ಮೊಬೈಲ್ ಎತ್ತಿದ್ದೇ ತಡ, ಒಬ್ಬಾಕೆ ಕೂಗಿದಳು.

“ಎಂತಾ ತಮಾ, ಬರೀ ಫೋಟೋ ತೆಗೀತ್ಯಾ? ಮೀನು ತಗಳೂದಿಲ್ವಾ?”

“ತಿನ್ನೋದಿಲ್ಲ ಅಕ್ಕಾ.”

“ಹಾಗಾದ್ರೆ ಹೊತ್ಕೊಂಡಾದ್ರೂ ಬಾ, ಆ ಟೆಂಪೋವರೆಗೆ.”

ಹೊತ್ತೆ. ಟಬ್ಬಿನ ತೂಕಕ್ಕಿಂತ ಅದರಿಂದ ಇಳಿಯುವ ನೀರಿನದ್ದೇ ಕಷ್ಟ. ಅಂಗಿಯ ವಾಸನೆ ಶಿರಸಿಗೆ ಬಂದ ಮೇಲೂ ಇತ್ತು.

ಬೋಟಿನಲ್ಲಿ ಸಂಬಳದ ಲೆಕ್ಕವಿಲ್ಲ, ಪಾಲಿನ ಲೆಕ್ಕ. ಡೀಸೆಲ್, ಐಸು, ಊಟದ ಸಾಮಾನಿನ ಖರ್ಚು ಕಳೆದು ಉಳಿದಿದ್ದರಲ್ಲಿ ಬೋಟಿನ ಧಣಿಗೆ ಇಷ್ಟು, ಕೆಲಸದವರಿಗೆ ಇಷ್ಟು. ತಾಂಡೇಲನಿಗೆ ಒಂದು ಕೈ ಮೇಲು. ಮೀನು ಬಿದ್ದ ದಿನ ಜೇಬು ತುಂಬ ದುಡ್ಡು. ಬೀಳದ ದಿನ ಡೀಸೆಲ್ ಸಾಲ ಧಣಿಯ ಲೆಕ್ಕಕ್ಕೆ, ಖಾಲಿ ಕೈ ಎಲ್ಲರ ಲೆಕ್ಕಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳಿಗೆ ರಜೆ. ಮೀನು ಮರಿಹಾಕುವ ಕಾಲ ಅಂತ ಸರ್ಕಾರದ ನಿಷೇಧ. ಆಗ ಬಲೆ ಹೆಣೆಯುವುದು, ಬೋಟಿಗೆ ಬಣ್ಣ, ಮದುವೆ ಮಾತುಕತೆ.

ಈಗ ಡೆಕ್ಕಿನ ಮೇಲೆ ದುಡಿಯುವವರಲ್ಲಿ ಅರ್ಧಕ್ಕರ್ಧ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು. ಕಡಲನ್ನೇ ಕಾಣದ ಊರಿನಿಂದ ಬಂದವರೂ ಇದ್ದಾರೆ. ಹಾಗಾದರೆ ಬೈತಖೋಲದ ಹುಡುಗರು ಎಲ್ಲಿ? ಮಾಮನನ್ನು ಕೇಳಿದೆ. “ಗೋವಾಕ್ಕೆ,” ಅಂದರು. “ಎಸಿ ರೂಮಿನೊಳಗೆ ಮಾತ್ರೆ ಪ್ಯಾಕ್ ಮಾಡೂಕೆ.” ಮಾತಿನಲ್ಲಿ ಕೋಪ ಎಷ್ಟು, ಹೆಮ್ಮೆ ಎಷ್ಟು ಅಂತ ತಿಳಿಯಲಿಲ್ಲ.

ಭಾಜಿ-ಪಾವ್, ಬನ್ಸ್, ಚಹಾ. ಬಂದರಿನ ಎದುರಿನ ಹೋಟೆಲ್ಲಿನಲ್ಲಿ ಮಾಮ ರಂಪಣಿಯ ಕಾಲ ತೆಗೆದರು. ರಂಪಣಿ ಅಂದರೆ ದಡದಿಂದಲೇ ಎಳೆಯುವ ಭಾರೀ ಬಲೆ. ಒಂದು ಬಲೆ ಎಳೆಯಲು ಎಂಬತ್ತು ನೂರು ಜನ ಬೇಕು. ಎಳೆದವರಿಗೆಲ್ಲ ಪಾಲು. ಮುದುಕರು ಹಗ್ಗಕ್ಕೆ ಕೈ ತಾಗಿಸಿದರೂ ಒಂದಿಷ್ಟು ಮೀನು ಸಿಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಕರ್ನಾಟಕ ಕರಾವಳಿಗೆ ಪರ್ಸೀನ್ ಬಂತು. ಮೀನು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಸುತ್ತುಗಟ್ಟಿ ಹಿಡಿಯುವುದು ಅದರ ರೀತಿ. ರಂಪಣಿ ಅಲ್ಲಿಗೆ ಸೋತಿತು. ಹೊಡೆದಾಟಗಳೂ ಆದವು. ಈಗ ಟ್ಯಾಗೋರ್ ಬೀಚಿನಲ್ಲಿ ಬೆಳಗ್ಗೆ ಕೆಲವರು ಏಂಡಿ, ಅಂದರೆ ದಡದಿಂದ ಎಳೆಯುವ ಚಿಕ್ಕ ಬಲೆ, ಎಳೆಯುವುದನ್ನು ನೋಡಬಹುದು. ಪ್ರವಾಸಿಗರು ಅದನ್ನೇ ಸಾಂಪ್ರದಾಯಿಕ ಮೀನುಗಾರಿಕೆ ಅಂತ ವಿಡಿಯೋ ಮಾಡುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಬೈತಖೋಲದ ಎಲ್ಲ ಕಷ್ಟವೂ ಹೊರಗಿನಿಂದ ಬಂದದ್ದು ಅನ್ನುವ ಹಾಗೆ ಮಾತಾಡುವವರಿದ್ದಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ನೂರು ಜನರ ಪಾಲು ಮೂವತ್ತು ಜನರದ್ದಾಗಿದ್ದು, ಅದರಲ್ಲೂ ದೊಡ್ಡ ಪಾಲು ಬೋಟಿನ ಧಣಿಯದ್ದಾಗಿದ್ದು ಕೇರಿಯ ಒಳಗೇ ನಡೆದ ಬದಲಾವಣೆ. ಮಾಮ ಇದನ್ನು ಒಪ್ಪಲಿಲ್ಲ. ಆದರೆ ಅಲ್ಲಗಳೆಯಲೂ ಇಲ್ಲ. ಇನ್ನೊಂದು ಚಹಾ ಹೇಳಿದರು.

ಬಂದರಿನ ಕಥೆ ಇದಕ್ಕಿಂತ ಹಳೆಯದು, ಸ್ವಲ್ಪ ತಮಾಷೆಯದ್ದೂ ಹೌದು. 1860ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಇಳಿಸಲು ಎಲ್ಲರ ಕಣ್ಣು ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಮೀನುಗಾರರ ಕೇರಿಗಳಿದ್ದ ಕಾರವಾರ ಜಿಲ್ಲಾ ಕೇಂದ್ರವಾಯಿತು. ಹತ್ತಿ ಒತ್ತುವ ಯಂತ್ರಗಳನ್ನು ಮ್ಯಾಂಚೆಸ್ಟರಿನ ಕಂಪನಿಯೊಂದು ಕಾಳಿ ನದಿಯ ಆಚೆ ದಡದ ಸದಾಶಿವಗಡಕ್ಕೆ ಹಡಗಿನಲ್ಲಿ ಕಳಿಸಿತು. ಯಂತ್ರ ಬಂತು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಹೆಚ್ಚು ದಿನ ಕಳೆಯುವ ಮೊದಲೇ ಕಂಪನಿ ಬಾಗಿಲು ಹಾಕಿತು. ಆ ಕಾಲದ ಉಳಿಕೆಯಾಗಿ ದೇವಗಡ ದ್ವೀಪದ ಮೇಲೆ 1864ರ ದೀಪಸ್ತಂಭ ಇದೆ. ಬೈತಖೋಲದ ಮೆಟ್ಟಿಲುಗಳಿಂದ ರಾತ್ರಿ ಅದರ ಬೆಳಕು ಕಾಣುತ್ತದೆ.

ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಆಮೇಲೆ ಕಾದರು. ರೈಲು ಬಂತು, ಆದರೆ ಕಾರವಾರಕ್ಕಲ್ಲ. 1880ರ ದಶಕದ ಕೊನೆಗೆ ಪೋರ್ಚುಗೀಸರ ಮುರ್ಮಗೋವಾ ಬಂದರಿಗೆ ಕ್ಯಾಸಲ್‌ರಾಕ್ ಮೂಲಕ ಹಳಿ ಹಾಕಿದರು. ಹತ್ತಿ ಆ ಕಡೆ ಉರುಳಿತು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬೇಕು ಅನ್ನುವ ಮಾತು ಇಂದಿಗೂ ನಡೆಯುತ್ತಲೇ ಇದೆ. ಅದೇ 1880ರ ದಶಕದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಕಡಲು ನೋಡಿ ನಾಟಕ ಬರೆದರು. ಬೀಚಿಗೆ ಅವರ ಹೆಸರಾಯಿತು. ಬಂದರಿನಲ್ಲಿ ಮೂಟೆ ಹೊತ್ತವರ ಹೆಸರಿನ ರಸ್ತೆ ನನಗೆ ಎಲ್ಲೂ ಕಾಣಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿಯ ಮೀನುಗಾರರಿಗೆ ಎದುರಿಗೇ ಪೋರ್ಚುಗೀಸರು. ಬಿಣಗಾದ ಆಚೆ ಕಾಣುವ ಅಂಜದೀವ್ ದ್ವೀಪ ಅವರದ್ದು. 1961ರ ನವೆಂಬರಿನಲ್ಲಿ ಅಲ್ಲಿಂದ ಹಡಗಿನ ಮೇಲೂ ಮೀನಿನ ದೋಣಿಯ ಮೇಲೂ ಗುಂಡು ಹಾರಿತು. ಸಾವೂ ಆಯಿತು. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ಏಳು ನಾವಿಕರು ಅಲ್ಲೇ ಪ್ರಾಣ ಕೊಟ್ಟರು. ಮಾಮನ ತಂದೆ ಆ ದಿನಗಳಲ್ಲಿ ದೋಣಿ ದಡಕ್ಕೆಳೆದು ಕೂತಿದ್ದರಂತೆ. ಈಗ ಅಂಜದೀವ್ ನೌಕಾನೆಲೆಯೊಳಗೆ ಸೇರಿದೆ.

ಬಂದರಿಗೆ ಒಳ್ಳೆಯ ದಿನ ಅಂತ ಬಂದಿದ್ದು ಅದಿರಿನ ಕಾಲದಲ್ಲಿ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಅರಬೈಲ್ ಘಟ್ಟ ಇಳಿದು ಲಾರಿಗಳ ಮೇಲೆ ಲಾರಿ. ಕೆಂಪು ಧೂಳು ಮನೆಯೊಳಗೆ, ಅನ್ನದ ತಟ್ಟೆಗೆ. ಆದರೆ ಲೋಡಿಂಗು, ಬಾರ್ಜು, ಡ್ರೈವರು, ಕ್ಲೀನರು, ಗ್ಯಾರೇಜು, ಊಟದ ಹೋಟೆಲು ಎಲ್ಲರಿಗೂ ಕೆಲಸ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಧೂಳು ನಿಂತಿತು. ಕೆಲಸವೂ ನಿಂತಿತು. ಸಾಲ ಮಾಡಿ ಲಾರಿ ತಗೊಂಡವರ ಕಥೆ ಕೇಳಿದರೆ ಬೆಳಗಾಗುತ್ತದೆ. ಈಗ ಬಂದರಿನಲ್ಲಿ ಡಾಂಬರು, ಎಣ್ಣೆ, ಕಾಕಂಬಿ. ಇವೆಲ್ಲ ಪೈಪಿನಲ್ಲಿ ಹರಿಯುವ ಸರಕು, ಹೊರಲು ಬೆನ್ನು ಬೇಕಿಲ್ಲ.

2020ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆ ಬೀಚಿನ ಕಡೆ ತಡೆಗೋಡೆ ಕಟ್ಟಲು ಹೊರಟಾಗ ಬೈತಖೋಲ ಬೀದಿಗಿಳಿಯಿತು. ಏಂಡಿ ಎಳೆಯುವ, ದೋಣಿ ಇಡುವ ಕೊನೆಯ ಮರಳೂ ಹೋಗುತ್ತದೆ ಅನ್ನುವುದು ಅವರ ಭಯ. ಕಾರವಾರ ಬಂದ್ ಆಯಿತು. ಪೇಟೆಯ ಅಂಗಡಿಯವರೂ ಜೊತೆಯಾದರು. ವಿಷಯ ಹೈಕೋರ್ಟಿಗೆ ಹೋಗಿ ತಡೆ ಬಂತು. ಅವತ್ತು ಬೋಟಿನ ಧಣಿಯೂ ಏಂಡಿ ಎಳೆಯುವವನೂ ಒಂದೇ ಸಾಲಿನಲ್ಲಿದ್ದರು ಅಂತ ಮಾಮ ನನ್ನನ್ನೇ ನೋಡಿಕೊಂಡು ಹೇಳಿದರು. ಬೆಳಗಿನ ಮಾತಿಗೆ ಉತ್ತರ ಅದು.

ಮಧ್ಯಾಹ್ನ ಬಿಣಗಾಕ್ಕೆ ಹೋದೆವು. ಸುರಂಗ ಬೇಡ ಅಂತ ಹಳೇ ರಸ್ತೆ ಹಿಡಿದೆವು. ಬಿಣಗಾ ಬೈತಖೋಲದ ಹಾಗಲ್ಲ. ಇಲ್ಲಿ ಜೀವನ ಸೈರನ್ನಿನ ಮೇಲೆ, ಶಿಫ್ಟಿನ ಮೇಲೆ. 1970ರ ದಶಕದಲ್ಲಿ ಬಲ್ಲಾರ್‌ಪುರ ಕಂಪನಿ ಇಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಹಾಕಿತು. ಉಪ್ಪುನೀರಿಗೆ ಕರೆಂಟು ಹಾಯಿಸಿದರೆ ಒಂದು ಕಡೆ ಕಾಸ್ಟಿಕ್, ಇನ್ನೊಂದು ಕಡೆ ಕ್ಲೋರಿನ್. ಸೋಪಿಗೆ, ಕಾಗದಕ್ಕೆ, ಬಟ್ಟೆಗೆ, ಕುಡಿಯುವ ನೀರಿಗೆ ಬೇಕಾದ ವಸ್ತು. ಆಮೇಲೆ ಹೆಸರು ಬದಲಾಗುತ್ತ ಹೋಗಿ 2013ರಲ್ಲಿ ಬಿರ್ಲಾ ಗುಂಪಿಗೆ ಬಂತು. ಊರವರಿಗೆ ಅದು ಅಂದೂ ಇಂದೂ ಬಿಣಗಾ ಫ್ಯಾಕ್ಟರಿ.

ಗೆಳೆಯನ ದೊಡ್ಡಪ್ಪನ ಮಗಳ ಮನೆ ಅಲ್ಲೇ. ಭಾವ ಫ್ಯಾಕ್ಟರಿಯಲ್ಲಿ ಕಾಯಂ ನೌಕರ ಆಗಿದ್ದು ನಿವೃತ್ತರಾದವರು. ಮಗ ಅದೇ ಗೇಟಿನಲ್ಲಿ ಕಾಂಟ್ರಾಕ್ಟಿನ ಮೇಲೆ. ಅಪ್ಪನಿಗೆ ಪಿಎಫ್, ಬೋನಸ್, ಕ್ಯಾಂಟೀನ್ ಊಟ, ಯೂನಿಯನ್. ಮಗನಿಗೆ ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆದಾರ. ಒಂದೇ ಮನೆಯಲ್ಲಿ ಒಂದೇ ಕೆಲಸದ ಎರಡು ಬೆಲೆ.

“ನೇವಿಯಲ್ಲಿ ಟ್ರೈ ಮಾಡ್ಲಿಲ್ವಾ?” ಕೇಳಿದೆ.

“ಅಲ್ಲೂ ಕಾಂಟ್ರಾಕ್ಟೇ,” ಅಂದ ಹುಡುಗ. “ಪಾಸ್ ಮಾಡಿಸೋದೇ ಒಂದು ತಿಂಗಳ ಕೆಲಸ.”

ಅಕ್ಕನ ತವರು ಅರಗಾ ಕಡೆ. ಆ ಮನೆ ಈಗ ಗೋಡೆಯ ಒಳಗಿದೆ, ಅಂದರೆ ಇಲ್ಲ. 1990ರ ದಶಕದ ಕೊನೆಗೆ ಎದ್ದು ಬಂದರು. ಪರಿಹಾರ ಸಾಲದು ಅಂತ ಕೋರ್ಟಿಗೆ ಹೋದವರು ದಶಕಗಟ್ಟಲೆ ಅಲೆದರು. ತೀರ್ಪು ಬರುವ ಹೊತ್ತಿಗೆ ಅರ್ಜಿ ಹಾಕಿದ ಅಪ್ಪಂದಿರು ಹೋಗಿ, ಹಣ ಮಕ್ಕಳಲ್ಲಿ ಹಂಚಿಹೋಯಿತು. ಗದ್ದೆ, ತೆಂಗು, ಕಡಲು ಮೂರೂ ಇದ್ದ ಬದುಕು ಕಾಲೊನಿಯ ಒಂದು ಸೈಟಿನಲ್ಲಿ ಹಿಡಿಸಲಿಲ್ಲ. ಕಡಲಿನಿಂದ ದೂರ ಹೋದ ಮೀನುಗಾರ ಬೆಳಗಿನ ಜಾವ ಬೋಟಿಗೆ ಹೇಗೆ ಬರಬೇಕು? ಕೆಲವರು ಬೈತಖೋಲದ ನೆಂಟರ ಮನೆಯಲ್ಲೇ ಉಳಿದರು. ಆ ಮೆಟ್ಟಿಲ ಮೇಲಿನ ಮನೆಗಳು ಅಷ್ಟು ಒತ್ತಾಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಅಕ್ಕನಿಗೆ ನೌಕಾನೆಲೆಯ ಮೇಲೆ ದ್ವೇಷವಿಲ್ಲ. 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂದಾಗ ಗುಡ್ಡ ಹತ್ತಿ ನೋಡಿದ್ದನ್ನು ಕಣ್ಣರಳಿಸಿ ಹೇಳಿದಳು. ಅವಳ ತಕರಾರು ಬೇರೆ. ಮಳೆಗಾಲದಲ್ಲಿ ಗುಡ್ಡದ ನೀರು ಕಡಲಿಗೆ ಹೋಗಲು ದಾರಿ ಸಿಗದೆ ಅರಗಾ, ಚೆಂಡಿಯಾ ಕಡೆ ಹೆದ್ದಾರಿಗೂ ಮನೆಗಳಿಗೂ ನುಗ್ಗುತ್ತದೆ. “ಹಳ್ಳಕ್ಕೆ ಯಾರೂ ನೋಟಿಸ್ ಕೊಡ್ಲಿಲ್ಲ, ಅದು ಹಳೇ ದಾರಿಯಲ್ಲೇ ಬರ್ತದೆ,” ಅಂದಳು.

ಗುಡ್ಡದ ಭಯವೂ ಇದೆ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಕಾರವಾರದ ಸುತ್ತ ಅದನ್ನು ಯಾರೂ ಮರೆತಿಲ್ಲ. ಶಿರೂರಿನ ನಂತರವಂತೂ ಎರಡು ದಿನ ಬಿಡದೆ ಮಳೆ ಸುರಿದರೆ ಬೈತಖೋಲದ ಮೇಲಿನ ಸಾಲಿನವರು ರಾತ್ರಿ ಸರಿಯಾಗಿ ಮಲಗುವುದಿಲ್ಲ.

ಭಾನುವಾರ

ಕಾರವಾರಕ್ಕೆ ಭಾನುವಾರ ಅಂದರೆ ಸಂತೆ. ಘಟ್ಟದ ಮೇಲಿನ ತರಕಾರಿ, ಅಂಕೋಲಾದ ಕಡೆಯ ಹಾಲಕ್ಕಿ ಹೆಂಗಸರ ಸೊಪ್ಪು, ಗೆಣಸು, ಒಣಮೀನು. ಗೆಳೆಯನ ಜೊತೆ ಒಂದು ಸುತ್ತು ಹಾಕಿ ಕೋಡಿಬಾಗಕ್ಕೆ ನಡೆದೆ.

ಬೀಚಿನ ಉತ್ತರದ ತುದಿ ಕೋಡಿಬಾಗ. ಕಾಳಿ ನದಿ ಕಡಲು ಸೇರುವ ಜಾಗ. ಸೇತುವೆ ಇಲ್ಲದ ಕಾಲದಲ್ಲಿ ಸದಾಶಿವಗಡಕ್ಕೆ, ಅಲ್ಲಿಂದ ಗೋವಾಕ್ಕೆ ಹೋಗುವವರೆಲ್ಲ ಇಲ್ಲೇ ಬಂದು ದೋಣಿ ಕಾಯಬೇಕಿತ್ತು. ಕಾಯುವವರಿದ್ದಲ್ಲಿ ಚಹಾ, ಚಹಾ ಇದ್ದಲ್ಲಿ ಹೋಟೆಲು, ಹಮಾಲರು, ಗಾಡಿಯವರು. 1980ರ ದಶಕದಲ್ಲಿ ಸೇತುವೆ ಬಂತು. ಜನ ನಿಲ್ಲದೆ ಹೋಗತೊಡಗಿದರು.

ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಅದಕ್ಕೆ ಆಗ 41 ವರ್ಷ. ಮೇಲಿದ್ದ ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಮೇಲೆತ್ತಿದರು. ಪಕ್ಕದಲ್ಲೇ ಚತುಷ್ಪಥದ ಹೊಸ ಸೇತುವೆ ಇದ್ದಿದ್ದರಿಂದ ಕಾರವಾರ ಮತ್ತೆ ದೋಣಿಯ ಕಾಲಕ್ಕೆ ಹೋಗಲಿಲ್ಲ.

ಇಳಿತದ ಹೊತ್ತು. ನದಿಯ ನಡುವಿನ ಮರಳುದಿಬ್ಬದಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಹೆಂಗಸರು ಚಿಪ್ಪು ಆರಿಸುತ್ತಿದ್ದರು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸೋಂದೆ ಅರಸರು 1715ರಲ್ಲಿ ಕಟ್ಟಿದ ಕೋಟೆಯ ಗುಡ್ಡವನ್ನು ಹೆದ್ದಾರಿಗೆ ಸೀಳಿದ್ದಾರೆ. ಕೋಟೆ ನೋಡಲು ಹೋಗಲಿಲ್ಲ, ಬಿಸಿಲು ಜೋರಿತ್ತು. ಗೆಳೆಯನ ಮನೆಯಲ್ಲಿ ಊಟ ಮಾಡಿ ಮಲಗಿದೆ.

ಸಂಜೆ ಮಾಜಾಳಿಯ ಕಡೆಯ ಒಬ್ಬ ಮೀನಿನ ವ್ಯಾಪಾರಿ ಗೆಳೆಯನ ಮನೆಗೆ ಬಂದಿದ್ದರು. 2018ರಲ್ಲಿ ಮೀನು ಕೆಡದಂತೆ ಫಾರ್ಮಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆಯಾಗಿ ಗೋವಾ ಸರ್ಕಾರ ಹೊರಗಿನ ಮೀನು ಗಾಡಿಗಳನ್ನು ಗಡಿಯಲ್ಲಿ ತಡೆದ ದಿನಗಳನ್ನು ನೆನೆದರು. ಬೆಳಗ್ಗೆ ಹಿಡಿದ ಮೀನು ಹದಿನೈದು ಕಿಲೋಮೀಟರ್ ಆಚೆಗೆ ಹೋಗುವುದಕ್ಕೆ ಫಾರ್ಮಲಿನ್ ಎಂಥಕ್ಕೆ ಅನ್ನುವುದು ಅವರ ಪ್ರಶ್ನೆ. ಕೊರೊನಾ ಕಾಲದಲ್ಲಿ ಅದೇ ಗಡಿ ಇನ್ನೊಮ್ಮೆ ಮುಚ್ಚಿತು. ಆಗ ಸಿಕ್ಕಿಕೊಂಡಿದ್ದು ಮೀನಲ್ಲ, ಕಾರವಾರದ ಹುಡುಗರು.

ಸೋಮವಾರ

ಆ ಹುಡುಗರನ್ನು ನೋಡಬೇಕಂದರೆ ಶಿರವಾಡಕ್ಕೆ ಹೋಗಬೇಕು. ಕಾರವಾರದ ರೈಲ್ವೆ ಸ್ಟೇಷನ್ ಇರುವುದು ಅಲ್ಲಿ, ಪೇಟೆಯಿಂದ ಸಾಕಷ್ಟು ದೂರ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದಾಗ ಮುಂಬೈ, ಮಂಗಳೂರು ಹತ್ತಿರವಾಯಿತು ಅಂತ ಎಲ್ಲರೂ ಹೇಳಿದರು. ನಿಜವಾಗಿ ಹತ್ತಿರವಾಗಿದ್ದು ಗೋವಾದ ಮಡಗಾಂವ್, ವೆರ್ಣಾ. ವೆರ್ಣಾದ ಔಷಧಿ ಕಾರ್ಖಾನೆಗಳಿಗೆ ಕಾರವಾರ, ಸದಾಶಿವಗಡ, ಬೈತಖೋಲದಿಂದ ಹುಡುಗ ಹುಡುಗಿಯರು ದಿನಾ ಹೋಗಿ ಬರುತ್ತಾರೆ.

ಬೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಬೆನ್ನಿಗೊಂದು ಚೀಲ, ಕೈಯಲ್ಲಿ ಡಬ್ಬಿ. ಎಲ್ಲರಿಗೂ ಎಲ್ಲರ ಪರಿಚಯ. ರೈಲಿನ ಯಾವ ಬೋಗಿಯಲ್ಲಿ ಯಾರು ಕೂರುತ್ತಾರೆ ಅನ್ನುವುದೂ ನಿಗದಿ. ಮಾಮನ ಮೊಮ್ಮಗ ಅಲ್ಲಿದ್ದ. ಅವನ ಅಪ್ಪ ಅದಿರಿನ ಕಾಲದಲ್ಲಿ ಬಂದರಿನಲ್ಲಿ ಲೋಡಿಂಗ್ ಮಾಡಿಸುತ್ತಿದ್ದವರು. 2010ರ ನಂತರ ಒಂದಿಷ್ಟು ದಿನ ಬೋಟು, ಆಮೇಲೆ ರಿಕ್ಷಾ.

“ಗೋವಾದಲ್ಲೇ ರೂಮು ಮಾಡಬಹುದಲ್ಲಾ?” ಅಂದೆ.

“ಬಾಡಿಗೆ ಯಾರು ಕೊಡ್ತಾರೆ ಮಾಮಾ? ಇಲ್ಲಿ ಅಜ್ಜಿ ಕಟ್ಟಿಕೊಡುವ ಮೀನು ಸಾರು ಅಲ್ಲಿ ಹೋಟೆಲ್ಲಲ್ಲಿ ಇನ್ನೂರು ರೂಪಾಯಿ.”

“ಬೋಟಿಗೆ ಹೋಗೋ ಮನಸ್ಸಿಲ್ವಾ?”

“ರಜೆ ಇದ್ದಾಗ ಹೋಗ್ತೇನೆ, ಸುಮ್ನೆ. ಅಜ್ಜ ಖುಷಿಪಡ್ತಾರೆ. ಆದ್ರೆ ಬೋಟಿನವನಿಗೆ ಹೆಣ್ಣು ಕೊಡೂದಿಲ್ಲ ಈಗ.” ಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. “ಕಂಪನಿಯವನಿಗೂ ಕಾಯಂ ಆದ್ರೆ ಮಾತ್ರ ಕೊಡೂದು,” ಅಂತ ಒಬ್ಬಳು ಸೇರಿಸಿದಳು. ಅವಳೂ ಕಂಪನಿಯವಳೇ. ಅವಳೂ ಕಾಯಂ ಅಲ್ಲ.

ರೈಲು ಬಂತು. ಎರಡು ನಿಮಿಷದಲ್ಲಿ ಪ್ಲಾಟ್‌ಫಾರ್ಮು ಖಾಲಿ. ಪೇಟೆಗೆ ಹೋಗಲು ಬಸ್ ಎಷ್ಟು ಹೊತ್ತಿಗೆ ಅಂತ ಹೊರಗಿನ ಚಹಾದಂಗಡಿಯವರನ್ನು ಕೇಳಿದೆ.

“ಬಸ್ಸು ಈಗಷ್ಟೇ ಹೋಯ್ತು. ಟೆಂಪೋ ಉಂಟು, ಕೂತ್ಕೊಳ್ಳಿ,” ಅಂದರು. “ಆದ್ರೆ ಅದು ಭರ್ತಿ ಆಗದೇ ಬಿಡೂದಿಲ್ಲ. ಈ ಹೊತ್ತಿಗೆ ಪೇಟೆ ಕಡೆ ಹೋಗೋರು ನೀವೊಬ್ರೇ ಅಲ್ವಾ?”